ಹುಡುಕಾಟ ಮುಗಿಯಿತೆಂದು ಹೇಳಬೇಕಾದವರು ಯಾರು?



ಗಣಿತದ ಮೇಷ್ಟ್ರೊಬ್ಬರ ನೆನಪಿನ ಕಾರ್ಯಕ್ರಮದಲ್ಲಿ ಕಂಪ್ಯೂಟರಿನ ವಿಷಯ, ಅದೂ ಕನ್ನಡದಲ್ಲಿ ಆಗಲಿ ಎಂದು ಒಪ್ಪಿದ ಸಮಿತಿಗೆ ಋಣಿಯಾಗಿದ್ದೇನೆ. ವೇದಿಕೆಯ ಮೇಲೆ ತಮ್ಮ ಗುಣಗಾನ ಕೂಡದೆಂದು ಮೇಷ್ಟ್ರು ದತ್ತಿಪತ್ರದಲ್ಲೇ ಬರೆಸಿದ್ದಾರಂತೆ. ಆ ಮಾತಿಗೆ ಕಟ್ಟುಬಿದ್ದು ನೇರ ವಿಷಯಕ್ಕೆ ಬರುತ್ತೇನೆ. ನಡುನಡುವೆ ಅವರ ನೆನಪು ನುಸುಳಿದರೆ ಕುಟುಂಬದವರು ಮನ್ನಿಸಬೇಕು.

ವಿಷಯ ಕೇಳಲು ಸಣ್ಣದು. ಒಂದು ಫೋಲ್ಡರು, ಅದರೊಳಗೆ ಫೋಲ್ಡರುಗಳು, ಅವುಗಳೊಳಗೆ ಮತ್ತಷ್ಟು. ಪ್ರೋಗ್ರಾಮೊಂದು ಎಲ್ಲವನ್ನೂ ಹೊಕ್ಕು ಬೇಕಾದ ಫೈಲುಗಳನ್ನು ಹೆಕ್ಕುತ್ತಿದೆ. ಹುಡುಕಾಟ ಮುಗಿಯಿತೆಂದು ಅದಕ್ಕೆ ತಿಳಿಯುವುದು ಹೇಗೆ?

ಒಂದೇ ಥ್ರೆಡ್ಡಿನ ಪ್ರೋಗ್ರಾಮಿನಲ್ಲಿ ಈ ಪ್ರಶ್ನೆ ಏಳುವುದೇ ಇಲ್ಲ. ಫಂಕ್ಷನ್ನು ತನ್ನನ್ನೇ ಕರೆದುಕೊಳ್ಳುತ್ತ ಆಳಕ್ಕಿಳಿದು ಮೇಲೆ ಬರುತ್ತದೆ. ಮೊದಲ ಕರೆ ಹಿಂದಿರುಗಿದ ಗಳಿಗೆಯೇ ಮುಕ್ತಾಯ. ರಿಕರ್ಶನ್ ಎಂದರೇನು, ಸ್ಟ್ಯಾಕ್ ಎಂದರೇನು, ಮರವನ್ನು ಆಳಮೊದಲು ಸುತ್ತುವುದು ಹೇಗೆ, ಅಗಲಮೊದಲು ಹೇಗೆ ಎಂಬುದೆಲ್ಲ ಯಾವ ಪಠ್ಯಪುಸ್ತಕದಲ್ಲೂ ಸಿಗುತ್ತದೆ. ಅದಕ್ಕಾಗಿ ನಿಮ್ಮ ಸಂಜೆಯನ್ನು ತೆಗೆದುಕೊಳ್ಳುವುದಿಲ್ಲ.

ತೊಡಕು ಶುರುವಾಗುವುದು ಕೆಲಸವನ್ನು ಹಂಚಿದಾಗ. ನೆಟ್‌ವರ್ಕ್ ಡಿಸ್ಕಿನಲ್ಲಿ ಒಂದೊಂದು ಫೋಲ್ಡರು ಓದಲೂ ಕಾಯಬೇಕು. ಆದ್ದರಿಂದ ನಾಲ್ಕೆಂಟು ಥ್ರೆಡ್ಡುಗಳು ಒಂದೇ ಕ್ಯೂನಿಂದ ಫೋಲ್ಡರು ಎತ್ತಿಕೊಂಡು ಓದುತ್ತವೆ, ಸಿಕ್ಕ ಉಪಫೋಲ್ಡರುಗಳನ್ನು ಅದೇ ಕ್ಯೂಗೆ ಹಾಕುತ್ತವೆ. ನೋಡ್ ಜೆಎಸ್‌ನಲ್ಲಾದರೆ ಓದುವ ಕೋರಿಕೆ ಕೊಟ್ಟು ಕಾಲ್‌ಬ್ಯಾಕಿಗೆ ಕಾಯುತ್ತೇವೆ. ತೆರೆಮರೆಯಲ್ಲಿ ಲಿಬ್‌ಯುವಿಯ ಥ್ರೆಡ್ಡುಗಳು, ನಾವು ಬದಲಿಸದಿದ್ದರೆ 4, ಆ ಕೆಲಸ ಮಾಡುತ್ತವೆ. ಇಲ್ಲಿ ಮೊದಲ ಕರೆ ಹಿಂದಿರುಗುವುದಕ್ಕೆ ಅರ್ಥವಿಲ್ಲ. ಕೆಲಸ ಶುರುವಾಗುವ ಮೊದಲೇ ಅದು ಹಿಂದಿರುಗಿರುತ್ತದೆ.

ನಾನು ಈ ತೊಡಕಿಗೆ ಬಿದ್ದದ್ದು ಕನ್ನಡದ ಕೆಲಸದಿಂದಲೇ. ನುಡಿ, ಬರಹ ತಂತ್ರಾಂಶಗಳ ಹಳೆಯ ಸಂಕೇತಗಳಲ್ಲಿ ಟೈಪಾದ ಕಡತಗಳನ್ನು ಯೂನಿಕೋಡಿಗೆ ತರಬೇಕಿತ್ತು. ಅವು ಸಂಸ್ಥೆಯೊಂದರ ಸರ್ವರಿನ ಮೂಲೆಮೂಲೆಗಳಲ್ಲಿ ಹರಡಿದ್ದವು. ಅಲ್ಲಿ ಬಳಕೆಯಲ್ಲಿದ್ದ ಹುಡುಕುವ ಪ್ರೋಗ್ರಾಮು ಒಮ್ಮೊಮ್ಮೆ ಅವಧಿಗೆ ಮುಂಚೆಯೇ ‘ಮುಗಿಯಿತು’ ಎನ್ನುತ್ತಿತ್ತು. ನನ್ನ ಗಮನ ಸೆಳೆದದ್ದು ಬಿಟ್ಟುಹೋದ ಕಡತಗಳ ಜಾತಿ. ಅವು ಆಕಸ್ಮಿಕವಾಗಿ ಬಿಟ್ಟುಹೋಗಿರಲಿಲ್ಲ. ಆತುರದ ಮುಕ್ತಾಯ ಬಲಿ ಕೊಡುವುದು ಯಾವಾಗಲೂ ಕೊನೆಗೆ ಉತ್ತರಿಸುವ ಫೋಲ್ಡರುಗಳನ್ನು: ತೀರ ಆಳದವು, ತೀರ ದೊಡ್ಡವು, ನಿಧಾನದ ಡಿಸ್ಕಿನಲ್ಲಿರುವವು. ಹಳೆಯ ದಾಖಲೆಗಳು ಇರುವುದು ಅಲ್ಲಿಯೇ. ಪರೀಕ್ಷೆಗೆ ಬಳಸುವ ಪುಟ್ಟ ಫೋಲ್ಡರು ಎಂದೂ ಬಿಟ್ಟುಹೋಗುವುದಿಲ್ಲ. ಹೀಗಾಗಿ ಈ ದೋಷ ಬರೆದವರ ಕಣ್ಣಿಗೆ ಬೀಳದೆ ಬಳಸುವವರ ತಲೆಗೆ ಬೀಳುತ್ತದೆ.

ಮುಕ್ತಾಯ ಕಂಡುಹಿಡಿಯಲು ಚಾಲ್ತಿಯಲ್ಲಿರುವ ಮೊದಲ ಮತ, ಅದನ್ನು ಮತ ಎನ್ನಬಹುದಾದರೆ, ಗಡಿಯಾರದ ಮತ. ಎರಡು ಸೆಕೆಂಡು ಹೊಸ ಫಲಿತಾಂಶ ಬರದಿದ್ದರೆ ಮುಗಿಯಿತೆಂದು ತಿಳಿಯುವುದು. ಮಲಗಿದ ಹಾರ್ಡ್ ಡಿಸ್ಕು ಎದ್ದು ತಿರುಗಲು ಅದಕ್ಕಿಂತ ಹೆಚ್ಚು ಹೊತ್ತು ಬೇಕು. ಎನ್‌ಎಫ್‌ಎಸ್‌ನ ‘ಹಾರ್ಡ್’ ಜೋಡಣೆಯಲ್ಲಿ ಸರ್ವರು ಸತ್ತರೆ ಕೋರಿಕೆ ಕೊನೆಯಿಲ್ಲದೆ ಮರಳಿ ಮರಳಿ ಹೋಗುತ್ತಿರುತ್ತದೆ. ಮೌನಕ್ಕೂ ಮುಕ್ತಾಯಕ್ಕೂ ಸಂಬಂಧವಿಲ್ಲ. ಇದರ ಬಗ್ಗೆ ಇಷ್ಟು ಸಾಕು.

ಎರಡನೆಯ ಮತಕ್ಕೆ ಹೆಚ್ಚು ಗೌರವ ಸಲ್ಲಬೇಕು, ಏಕೆಂದರೆ ಬಲ್ಲವರೂ ಅದನ್ನು ಹಿಡಿದಿದ್ದಾರೆ: ಕ್ಯೂ ಖಾಲಿ ಇದೆ, ಎಲ್ಲ ಥ್ರೆಡ್ಡುಗಳೂ ಸುಮ್ಮನಿವೆ, ಆದ್ದರಿಂದ ಮುಗಿಯಿತು. ಮದುವೆಮನೆಯ ಊಟದ ಹಾಲ್ ಖಾಲಿಯಾಗಿದೆ, ಬಡಿಸುವವರು ಕೂತಿದ್ದಾರೆ, ಆದ್ದರಿಂದ ಎಲ್ಲರ ಊಟವಾಯಿತು ಎಂದಂತೆ. ಗಂಡಿನ ಕಡೆಯ ಬಸ್ಸು ಇನ್ನೂ ದಾರಿಯಲ್ಲಿರಬಹುದು.

ಎಡವುವ ಜಾಗವನ್ನು ಬಿಡಿಸಿ ತೋರಿಸುತ್ತೇನೆ. ಕಾವಲುಗಾರ ಥ್ರೆಡ್ಡು ಮೊದಲು ಕ್ಯೂ ನೋಡುತ್ತದೆ: ಖಾಲಿ. ಅಷ್ಟರಲ್ಲಿ ಒಬ್ಬ ಕೆಲಸಗಾರ ಉಪಫೋಲ್ಡರೊಂದನ್ನು ಕ್ಯೂಗೆ ಹಾಕಿ ತಾನು ಸುಮ್ಮನಾಗುತ್ತಾನೆ. ಕಾವಲುಗಾರ ಈಗ ಕೆಲಸಗಾರರನ್ನು ನೋಡುತ್ತಾನೆ: ಎಲ್ಲರೂ ಸುಮ್ಮನಿದ್ದಾರೆ. ತೀರ್ಪು: ಮುಗಿಯಿತು. ಕ್ಯೂನಲ್ಲಿ ಮಾತ್ರ ಒಂದು ಫೋಲ್ಡರು ಕೂತಿದೆ. ನೋಡುವ ಕ್ರಮವನ್ನು ತಿರುವಿದರೂ ಪಾರಾಗುವುದಿಲ್ಲ. ಮೊದಲು ಎಲ್ಲರೂ ಸುಮ್ಮನಿದ್ದುದನ್ನು ಕಂಡೆವು. ಅಷ್ಟರಲ್ಲಿ ಒಬ್ಬ ಕ್ಯೂನ ಕೊನೆಯ ಫೋಲ್ಡರು ಎತ್ತಿಕೊಂಡ. ಆಮೇಲೆ ಕ್ಯೂ ಖಾಲಿ ಇದ್ದುದನ್ನು ಕಂಡೆವು. ಎರಡೂ ನಿಜ, ಆದರೆ ಎರಡು ಬೇರೆ ಗಳಿಗೆಗಳ ನಿಜ. ಕ್ಯೂ ಮತ್ತು ಸುಮ್ಮನಿರುವವರ ಲೆಕ್ಕ ಎರಡನ್ನೂ ಒಂದೇ ಲಾಕಿನಡಿ ಇಟ್ಟರೆ ಸರಿಹೋಗುತ್ತದಲ್ಲ ಎಂದು ಪ್ರತಿವಾದಿಗಳು ಹೇಳುತ್ತಾರೆ. ಹೌದು, ಆಗ ಅದು ಸರಿ, ಒಪ್ಪುತ್ತೇನೆ. ಆದರೆ ವೇಗಕ್ಕಾಗಿ ಪ್ರತಿ ಥ್ರೆಡ್ಡಿಗೂ ಸ್ವಂತ ಕ್ಯೂ ಕೊಟ್ಟು, ಕೆಲಸವಿಲ್ಲದವನು ಪಕ್ಕದವನಿಂದ ಕದಿಯಲಿ ಎಂದ ದಿನ ಆ ಒಂದು ಲಾಕು ಇರುವುದಿಲ್ಲ, ವಾದವೂ ಉಳಿಯುವುದಿಲ್ಲ.

ನನ್ನ ಪಕ್ಷ ಎಣಿಕೆಯದು. ‘ಕಂಡಿದ್ದೇವೆ, ಆದರೆ ಪೂರ್ತಿ ಓದಿ ಮುಗಿಸಿಲ್ಲ’ ಎನ್ನುವ ಫೋಲ್ಡರುಗಳ ಸಂಖ್ಯೆಯನ್ನು ಒಂದು ಕೌಂಟರಿನಲ್ಲಿ ಇಡಿ. ಮೂಲ ಫೋಲ್ಡರನ್ನು ಮುಟ್ಟುವ ಮೊದಲೇ ಅದು 1 ಆಗಿರಲಿ. ಉಪಫೋಲ್ಡರು ಕಂಡಾಗ ಮೊದಲು ಕೌಂಟರು ಏರಿಸಿ, ಆಮೇಲೆ ಕ್ಯೂಗೆ ಹಾಕಿ. ತನ್ನ ಎಲ್ಲ ಮಕ್ಕಳನ್ನೂ ಲೆಕ್ಕಕ್ಕೆ ಸೇರಿಸಿದ ಮೇಲಷ್ಟೇ ಫೋಲ್ಡರು ತನ್ನ ಒಂದನ್ನು ಕಳೆಯಲಿ. ಕಳೆದಾಗ ಸೊನ್ನೆ ಕಂಡವನೇ ಮುಕ್ತಾಯ ಸಾರಬೇಕು.

ಮೇಷ್ಟ್ರ ಶಿಷ್ಯರು ಇಲ್ಲಿ ಅನೇಕರಿದ್ದೀರಿ. ಗಣಿತೀಯ ಅನುಗಮನವನ್ನು ಅವರಷ್ಟು ಚೆನ್ನಾಗಿ ಕಲಿಸಿದವರಿಲ್ಲ ಎಂದು ಕೇಳಿದ್ದೇನೆ. ಈ ಸಾಧನೆ ಅವರಿಗೆ ಹಿಡಿಸುತ್ತಿತ್ತು. ಕೌಂಟರು ಏರಿಸುವ ಹಕ್ಕು ಇರುವುದು ಈಗಾಗಲೇ ಲೆಕ್ಕದಲ್ಲಿರುವ ಫೋಲ್ಡರಿಗೆ ಮಾತ್ರ. ಆದ್ದರಿಂದ ಕೆಲಸ ಬಾಕಿ ಇರುವವರೆಗೆ ಸಂಖ್ಯೆ 1ಕ್ಕಿಂತ ಕೆಳಗಿಳಿಯದು. ಒಮ್ಮೆ ಸೊನ್ನೆಯಾದರೆ ಏರಿಸಲು ಯಾರೂ ಉಳಿದಿರುವುದಿಲ್ಲ, ಹಾಗಾಗಿ ಅದು ಮತ್ತೆ ಏರದು. ಗಳಿಗೆಗಳ ಗೊಂದಲವೇ ಇಲ್ಲ. ಇಳಿಸಿ, ಆಮೇಲೆ ಬೇರೆಯಾಗಿ ಓದಿ ನೋಡುವ ಚಟ ಮಾತ್ರ ಬೇಡ: ಇಬ್ಬರು ಒಬ್ಬರ ಹಿಂದೊಬ್ಬರು ಇಳಿಸಿ ಆಮೇಲೆ ಓದಿದರೆ ಇಬ್ಬರಿಗೂ ಸೊನ್ನೆ ಕಾಣುತ್ತದೆ, ಮುಕ್ತಾಯ ಎರಡು ಸಲ ಸಾರಲ್ಪಡುತ್ತದೆ. ಇಳಿಸುವ ಕ್ರಿಯೆಯೇ ಹಿಂದಿರುಗಿಸುವ ಬೆಲೆಯನ್ನು ನಂಬಬೇಕು.

ಈ ಕ್ರಮ ಅರಿತವರಿಗೆ ಪೈಥಾನಿನ ಕ್ಯೂ ಹೊಸದೆನಿಸದು. 2006ರ 2.5ನೆಯ ಆವೃತ್ತಿಯಿಂದ ಅದರಲ್ಲಿ ‘ಟಾಸ್ಕ್ ಡನ್’ ಮತ್ತು ‘ಜಾಯಿನ್’ ಇವೆ, ಒಳಗಿರುವುದು ಇದೇ ಕೌಂಟರು. ಆದರೂ ಫೋಲ್ಡರನ್ನು ಕ್ಯೂನಿಂದ ಎತ್ತಿದ ಕೂಡಲೇ ‘ಟಾಸ್ಕ್ ಡನ್’ ಕರೆಯುವವರನ್ನು ಕಂಡಿದ್ದೇನೆ. ಮಕ್ಕಳು ಹುಟ್ಟುವ ಮೊದಲೇ ತಾಯಿಯನ್ನು ಲೆಕ್ಕದಿಂದ ತೆಗೆಯುವ ಆತುರ ಅದು. ಗೋ ಭಾಷೆಯ ವೇಟ್‌ಗ್ರೂಪಿನಲ್ಲಿ ಇದರ ಅವಳಿ ದೋಷವಿದೆ. ಏರಿಸುವ ‘ಆಡ್’ ಕರೆಯನ್ನು ಹೊಸ ಗೋರುಟೀನಿನ ಒಳಗೆ ಬರೆದರೆ, ಅದು ಓಡಲು ಶುರುವಾಗುವ ಮೊದಲೇ ಕಾಯುವವನಿಗೆ ಸೊನ್ನೆ ಕಂಡುಬಿಡಬಹುದು. 2025ರಲ್ಲಿ ಬಂದ 1.25ನೆಯ ಆವೃತ್ತಿ ಏರಿಸುವುದನ್ನೂ ಹೊರಡಿಸುವುದನ್ನೂ ಒಂದೇ ಕರೆಯಲ್ಲಿ ಸೇರಿಸಿ ಈ ಬಾಗಿಲು ಮುಚ್ಚಿತು. ನೋಡ್ ಜೆಎಸ್‌ನ ರೂಢಿಯ ಕೋಡಿನಲ್ಲಿ ಕೌಂಟರು ಶುರುವಾಗುವುದು ಫೋಲ್ಡರಿನೊಳಗಿನ ಹೆಸರುಗಳ ಸಂಖ್ಯೆಯಿಂದ. ಫೋಲ್ಡರು ಖಾಲಿ ಇದ್ದರೆ ಇಳಿಸಲು ಯಾರೂ ಇಲ್ಲದೆ ಹುಡುಕಾಟ ಎಂದೂ ಮುಗಿಯುವುದಿಲ್ಲ. ಅದಕ್ಕೊಂದು ವಿಶೇಷ ಸಾಲು ಬರೆಯಬೇಕು, ಆ ಸಾಲನ್ನೇ ಎಲ್ಲರೂ ಮರೆಯುವುದು. ಫೋಲ್ಡರು ತನ್ನನ್ನೂ ಒಂದೆಂದು ಎಣಿಸಿಕೊಂಡಿದ್ದರೆ ಆ ಸಾಲಿನ ಅಗತ್ಯವೇ ಇರುತ್ತಿರಲಿಲ್ಲ.

ಇದರಲ್ಲಿ ನನ್ನ ಹೆಗ್ಗಳಿಕೆ ಏನೂ ಇಲ್ಲ. 1980ರಲ್ಲಿ ಡೈಕ್‌ಸ್ಟ್ರಾ ಮತ್ತು ಶೋಲ್ಟನ್ ನಾಲ್ಕೇ ಪುಟಗಳ ಪ್ರಬಂಧದಲ್ಲಿ ಇದರ ಬೇರನ್ನು ತೋರಿಸಿದರು. ಕೆಲಸ ಪಡೆದವನು ತಾನು ಹಂಚಿದ ಕೆಲಸಗಳಿಗೆಲ್ಲ ರಸೀದಿ ಬರುವವರೆಗೆ ತನಗೆ ಕೆಲಸ ಕೊಟ್ಟವನಿಗೆ ರಸೀದಿ ಕಳಿಸುವುದಿಲ್ಲ; ಮೂಲಕ್ಕೆ ಎಲ್ಲ ರಸೀದಿ ಬಂದಾಗ ಮುಕ್ತಾಯ. ಎರಡು ವರ್ಷಗಳ ಬಳಿಕ ಕಾನ್ಪುರ ಐಐಟಿಯಲ್ಲಿ ಓದಿದ್ದ ಜಯದೇವ ಮಿಶ್ರಾ ಮತ್ತು ಮದ್ರಾಸ್ ಐಐಟಿಯಲ್ಲಿ ಓದಿದ್ದ ಮಣಿ ಚಾಂಡಿ ಅದನ್ನು ಹೋರ್ ಅವರ ಸಂವಹನ ಮಾದರಿಗೆ ಹೊಂದಿಸಿದರು. 1983ರಲ್ಲಿ ಡೈಕ್‌ಸ್ಟ್ರಾ, ಫೈಯನ್, ವಾನ್ ಗಾಸ್ಟರನ್ ಮೂವರೂ ವರ್ತುಲದಲ್ಲಿ ಟೋಕನ್ ತಿರುಗಿಸುವ ಇನ್ನೊಂದು ಉಪಾಯ ಕೊಟ್ಟರು. ಎರಡನೆಯ ಮತದವರು ಈ ಟೋಕನ್ ಪ್ರಬಂಧವನ್ನು ತಮ್ಮ ಆಧಾರವೆಂದು ಆಗಾಗ ಎತ್ತುತ್ತಾರೆ. ದಯವಿಟ್ಟು ಅದನ್ನು ಪೂರ್ತಿ ಓದಬೇಕು. ಅಲ್ಲಿ ಎಲ್ಲರೂ ಸುಮ್ಮನಿದ್ದಾರೆಂದು ಟೋಕನ್ ಒಂದು ಸುತ್ತು ಬಂದರೆ ಸಾಲದು. ನಡುವೆ ಕೆಲಸ ದಾಟಿಸಿದವರು ಕಪ್ಪಾಗುತ್ತಾರೆ, ಕಪ್ಪು ಕಂಡರೆ ಸುತ್ತು ಮತ್ತೆ ಮೊದಲಿನಿಂದ. ಬಣ್ಣವನ್ನು ಬಿಟ್ಟು ಸುತ್ತನ್ನಷ್ಟೇ ಎರವಲು ತಂದವರು ಡೈಕ್‌ಸ್ಟ್ರಾ ಹೆಸರನ್ನು ಬಿಡುವುದು ಒಳ್ಳೆಯದು.

ಮೂರನೆಯ ಮತ ಹೊಸತಲೆಮಾರಿನದು: ಸ್ಟ್ರಕ್ಚರ್ಡ್ ಕನ್ಕರೆನ್ಸಿ. 2018ರಲ್ಲಿ ನಥಾನಿಯಲ್ ಸ್ಮಿತ್ ಬರೆದ ಲೇಖನ, ಅವರ ಟ್ರಿಯೊ ಲೈಬ್ರರಿ, ಆಮೇಲೆ ಪೈಥಾನ್ 3.11ರ ಟಾಸ್ಕ್‌ಗ್ರೂಪ್ ಇದನ್ನು ಜನಪ್ರಿಯಗೊಳಿಸಿದವು. ತಾಯಿ ಕೆಲಸ ತಾನು ಹುಟ್ಟಿಸಿದ ಮಕ್ಕಳೆಲ್ಲ ಮುಗಿಯದೆ ತನ್ನ ಆವರಣದಿಂದ ಹೊರಬರುವಂತಿಲ್ಲ. ಹಾಗಾಗಿ ಎಣಿಕೆಯೇ ಬೇಡ ಎನ್ನುತ್ತಾರೆ. ಎಣಿಕೆ ಬೇಡವೆಂದಲ್ಲ, ಆವರಣದೊಳಗೆ ಅವಿತಿದೆ ಎಂದು ತಿದ್ದಬೇಕು. ಇದು ಡೈಕ್‌ಸ್ಟ್ರಾ–ಶೋಲ್ಟನ್ ಮರವೇ. ಈ ಮತವನ್ನು ಕುರುಡಾಗಿ ಹಳೆಯ ಥ್ರೆಡ್ ಪೂಲಿಗೆ ತಂದರೆ ಆಗುವುದನ್ನು ಹೇಳುತ್ತೇನೆ. ಜಾವಾದಲ್ಲಿ 4 ಥ್ರೆಡ್ಡುಗಳ ಸ್ಥಿರ ಪೂಲ್ ಇಟ್ಟು, ಒಂದರೊಳಗೊಂದು ಐದು ಫೋಲ್ಡರುಗಳ ಸರಪಳಿ ಕೊಡಿ. ನಾಲ್ಕು ತಾಯಂದಿರು ಮಕ್ಕಳಿಗಾಗಿ ಕಾಯುತ್ತ ನಾಲ್ಕೂ ಥ್ರೆಡ್ಡುಗಳನ್ನು ಹಿಡಿದಿರುತ್ತಾರೆ, ಐದನೆಯದು ಕ್ಯೂನಲ್ಲೇ ಉಳಿಯುತ್ತದೆ, ಯಾರೂ ಅಲುಗುವುದಿಲ್ಲ. 2011ರ ಜಾವಾ 7ರ ಫೋರ್ಕ್‌ಜಾಯಿನ್ ಪೂಲಿನಲ್ಲಿ ಕಾಯುವ ಥ್ರೆಡ್ಡು ಆ ಹೊತ್ತಿಗೆ ಬೇರೆ ಕೆಲಸ ಮಾಡುವುದರಿಂದ ಈ ಬಿಕ್ಕಟ್ಟು ತಪ್ಪುತ್ತದೆ, ಕೊರುಟೀನುಗಳಲ್ಲೂ ತಪ್ಪುತ್ತದೆ. ಎಣಿಕೆಯಲ್ಲಿ ಯಾರೂ ಯಾರಿಗೂ ಕಾಯುವುದೇ ಇಲ್ಲ.

ಒಂದು ಕಡೆ ಮಾತ್ರ ಆವರಣದವರೇ ಗೆದ್ದಿದ್ದಾರೆ, ಅದನ್ನು ಮರೆಮಾಚಬಾರದು. ಅನುಮತಿ ಇಲ್ಲದ ಫೋಲ್ಡರು ಬಂತು, ಅಥವಾ ಪ್ರಕ್ರಿಯೆ ತೆರೆಯಬಹುದಾದ ಫೈಲುಗಳ ಮಿತಿ (ಲಿನಕ್ಸಿನಲ್ಲಿ ಸಾಮಾನ್ಯವಾಗಿ 1024) ಮುಟ್ಟಿತು ಎಂದುಕೊಳ್ಳಿ. ದೋಷ ಕಂಡ ಕೂಡಲೇ ಹಿಂದಿರುಗುವ ಕೋಡು ಇಳಿಸುವುದನ್ನು ಮರೆತರೆ ಕೌಂಟರು 1ರಲ್ಲೇ ಕೂತುಬಿಡುತ್ತದೆ. ಆವರಣದಲ್ಲಿ ಹೊರಬರುವುದೇ ಇಳಿಸುವುದು, ಮರೆಯಲು ಬರುವುದಿಲ್ಲ. ಆದ್ದರಿಂದ ಇಳಿಸುವ ಸಾಲನ್ನು ‘ಫೈನಲಿ’ಯಲ್ಲೋ ‘ಡಿಫರ್’ನಲ್ಲೋ ಕಟ್ಟಿಹಾಕಿ ಎಂದು ನನ್ನ ಪಕ್ಷದವರಿಗೇ ಹೇಳುತ್ತೇನೆ. ಸಿ ಭಾಷೆಯಲ್ಲಿ ಬರೆಯುವವರು ಇನ್ನೂ ಎಚ್ಚರವಿರಬೇಕು. ‘ರೀಡ್‌ಡಿರ್’ ಫೋಲ್ಡರು ತೀರಿದಾಗಲೂ ಶೂನ್ಯ ಪಾಯಿಂಟರು ಕೊಡುತ್ತದೆ, ಓದು ಕೆಟ್ಟಾಗಲೂ ಅದನ್ನೇ ಕೊಡುತ್ತದೆ. ‘ಎರ್‌ನೋ’ವನ್ನು ಕರೆಯುವ ಮೊದಲು ಸೊನ್ನೆ ಮಾಡಿಟ್ಟು ಆಮೇಲೆ ನೋಡಿದರಷ್ಟೇ ಎರಡೂ ಬೇರೆಯಾಗುತ್ತವೆ.

ಮುಗಿಯದ ಹುಡುಕಾಟವೂ ಇದೆ. ಸಾಂಕೇತಿಕ ಲಿಂಕು ತನ್ನ ಮೇಲಿನ ಫೋಲ್ಡರಿಗೇ ತೋರಿಸಿದರೆ ಸುತ್ತು ಬೀಳುತ್ತದೆ. ಲಿನಕ್ಸು ಒಂದು ಹಾದಿಯಲ್ಲಿ 40 ಲಿಂಕು ದಾಟಿದರೆ ದೋಷ ಕೊಡುತ್ತದೆ, ಅಷ್ಟಕ್ಕೆ ನಿಲ್ಲುತ್ತದೆ ಎಂದು ಸಮಾಧಾನ ಹೇಳುವವರಿದ್ದಾರೆ. ಒಂದೇ ಫೋಲ್ಡರಿನಲ್ಲಿ ಅಂಥ ಎರಡು ಲಿಂಕುಗಳಿದ್ದರೆ ಹಂತಹಂತಕ್ಕೂ ದಾರಿಗಳು ಇಮ್ಮಡಿಯಾಗಿ, 40ನೆಯ ಹಂತದಲ್ಲಿ ಸುಮಾರು 1.1 ಲಕ್ಷ ಕೋಟಿ ಹಾದಿಗಳಾಗುತ್ತವೆ. ಗಣಿತದ ಪ್ರಕಾರ ಕೊನೆಯಿದೆ, ಅದನ್ನು ನೋಡಲು ನಾವಿರುವುದಿಲ್ಲ. ಡಿವೈಸ್ ಮತ್ತು ಐನೋಡ್ ಸಂಖ್ಯೆಗಳ ಜೋಡಿಯನ್ನು ನೋಡಿದವುಗಳ ಪಟ್ಟಿಯಲ್ಲಿ ಇಡಬೇಕು. ಪಟ್ಟಿಯಲ್ಲಿದೆಯೇ ಎಂದು ನೋಡುವುದೂ ಸೇರಿಸುವುದೂ ಒಂದೇ ಬಿಡಿಸಲಾಗದ ಹೆಜ್ಜೆಯಾಗಿರಬೇಕು, ಹೊಸದಾಗಿ ಸೇರಿದವುಗಳಿಗೆ ಮಾತ್ರ ಕೌಂಟರು ಏರಬೇಕು.

ಇನ್ನು ತೆರೆಯ ಮೇಲಿನ ಮಾತು. ಫಲಿತಾಂಶಗಳು ಒಂದು ಕ್ಯೂನಲ್ಲಿ, ‘ಮುಗಿಯಿತು’ ಎಂಬ ಸಂದೇಶ ಇನ್ನೊಂದು ದಾರಿಯಲ್ಲಿ ಹೋಗುವ ಪ್ರೋಗ್ರಾಮುಗಳಲ್ಲಿ, ಕೊನೆಯ ಕಡತಗಳು ಮುಕ್ತಾಯದ ನಂತರ ಬಂದು ಬೀಳುತ್ತವೆ. ಪ್ರತಿ ಥ್ರೆಡ್ಡೂ ತನ್ನ ಫಲಿತಾಂಶಗಳನ್ನು ಕಳಿಸಿದ ಮೇಲೆ ಇಳಿಸಲಿ, ಸೊನ್ನೆ ಕಂಡವನು ಅದೇ ಕ್ಯೂನಲ್ಲಿ ಮುಕ್ತಾಯ ಹಾಕಲಿ. ಆಗ ಅದು ಎಲ್ಲಕ್ಕಿಂತ ಕೊನೆಯಲ್ಲೇ ನಿಲ್ಲುತ್ತದೆ. ಬಳಕೆದಾರ ನಡುವೆ ‘ನಿಲ್ಲಿಸು’ ಒತ್ತಿದರೂ ಇದೇ ದಾರಿ. ಫೋಲ್ಡರುಗಳ ಕ್ಯೂವನ್ನು ಒಮ್ಮೆಲೇ ಬರಿದು ಮಾಡಿದರೆ ಲೆಕ್ಕ ತಪ್ಪುತ್ತದೆ. ಉಳಿದ ಫೋಲ್ಡರುಗಳನ್ನು ಒಂದೊಂದಾಗಿ ಎತ್ತಿ, ಓದದೆ, ಇಳಿಸುತ್ತ ಹೋಗಬೇಕು. ‘ನಿಂತಿತು’ ಎಂದು ಹೇಳುವ ಅಧಿಕಾರವೂ ಸೊನ್ನೆಗೇ ಸೇರಿದ್ದು.

ಆವರಣದ ಪಕ್ಷದ ಇಬ್ಬರು ಗೆಳೆಯರು ಮುಂದಿನ ಸಾಲಿನಲ್ಲೇ ಕೂತು ಆಗಿನಿಂದ ಚೀಟಿ ಬರೆದುಕೊಳ್ಳುತ್ತಿದ್ದಾರೆ. ಅಧ್ಯಕ್ಷರು ಅವರಿಗೂ ಸಮಯ ಕೊಡುವ ಮನಸ್ಸು ಮಾಡಲಿ.