ಗೋಡೆಗೆ ಡ್ರಿಲ್ ಹಿಡಿಯುವ ಮುನ್ನ



ಹೊಸ ಮನೆಗೆ ಬಂದ ಮೊದಲ ವಾರ ಗೋಡೆ ಕೊರೆಯುವ ಸದ್ದು ಕೇಳದ ಮನೆ ಈಗ ಅಪರೂಪ. ಪರದೆಯ ಸರಳು, ದೇವರ ಪಟ, ನೀರಿನ ಫಿಲ್ಟರು, ಗೀಸರು, ಟೀವಿ, ಎಲ್ಲಕ್ಕೂ ಗೋಡೆಯಲ್ಲಿ ತೂತು ಬೇಕು. ಹಿಂದೆ ಇದೇ ಕೆಲಸಕ್ಕೆ ಗಾರೆಯವರು ಉಳಿ ಸುತ್ತಿಗೆ ಹಿಡಿದು ಬಹಳ ಹೊತ್ತು ಕುಟ್ಟಿ, ಮರದ ಬಿರಡೆ ಬಡಿದು, ಸುತ್ತ ಸಿಮೆಂಟು ಮೆತ್ತುತ್ತಿದ್ದರು. ಈಗ ಹ್ಯಾಮರ್ ಡ್ರಿಲ್ಲು ಅರ್ಧ ನಿಮಿಷದಲ್ಲಿ ಮುಗಿಸುತ್ತದೆ. ಬೆಲೆಯೂ ಇಳಿದಿರುವುದರಿಂದ ಕಸುಬಿನವರ ಚೀಲದಲ್ಲಿದ್ದ ಯಂತ್ರ ಮನೆಮನೆಯ ಕಪಾಟು ಸೇರಿದೆ. ಅದು ಗೋಡೆಗೂ ನಮ್ಮ ಮೈಗೂ ಏನು ಮಾಡುತ್ತದೆ ಎಂಬುದನ್ನು ಇವತ್ತು ನೋಡೋಣ.

ಸಾಧಾರಣ ಡ್ರಿಲ್ಲು ತುದಿಯ ಕೊರೆಯುವ ಕಡ್ಡಿಯನ್ನು, ಅಂದರೆ ಬಿಟ್ಟನ್ನು, ತಿರುಗಿಸುತ್ತದೆ, ಅಷ್ಟೆ. ಮರಕ್ಕೆ, ಕಬ್ಬಿಣಕ್ಕೆ ಅದೇ ಸಾಕು. ಇಟ್ಟಿಗೆ, ಕಲ್ಲು, ಕಾಂಕ್ರೀಟು ಹಾಗಲ್ಲ. ಅವನ್ನು ಕುಟ್ಟಿ ಪುಡಿ ಮಾಡಿಯೇ ಒಳಗೆ ಹೋಗಬೇಕು. ಹ್ಯಾಮರ್ ಡ್ರಿಲ್ಲಿನೊಳಗೆ ಹಲ್ಲು ಕೆತ್ತಿದ ಎರಡು ಬಿಲ್ಲೆಗಳು ಬೀಸುವ ಕಲ್ಲಿನ ಜೋಡಿಯಂತೆ ಮುಖಾಮುಖಿ ಕೂತಿರುತ್ತವೆ. ಒಂದರ ಹಲ್ಲು ಇನ್ನೊಂದರ ಹಲ್ಲನ್ನು ಏರಿ ಇಳಿದಾಗಲೆಲ್ಲ ಬಿಟ್ಟು ಮುಂದಕ್ಕೆ ಒಂದು ಪೆಟ್ಟು ಕೊಡುತ್ತದೆ. ಇಂಥ ಪೆಟ್ಟುಗಳು ನಿಮಿಷಕ್ಕೆ 40,000 ದಾಟುವುದೂ ಉಂಟು, ಆದರೆ ಒಂದೊಂದೂ ಬಲು ಚಿಕ್ಕದು. ಬಿಲ್ಲೆಗಳು ಒಂದಕ್ಕೊಂದು ಕಚ್ಚಬೇಕಾದರೆ ಹಿಂದಿನಿಂದ ನಾವು ಒತ್ತಲೇಬೇಕು. ರೋಟರಿ ಹ್ಯಾಮರ್ ಎಂಬ ದೊಡ್ಡಣ್ಣನ ರೀತಿಯೇ ಬೇರೆ. ಅದರೊಳಗೆ ಪಿಸ್ಟನ್ನು ಗಾಳಿಯನ್ನು ಅದುಮಿ, ಆ ಗಾಳಿಯ ಬಲದಿಂದ ಬಿಟ್ಟಿನ ಬೆನ್ನಿಗೆ ಹೊಡೆಯುತ್ತದೆ. ನಿಮಿಷಕ್ಕೆ ನಾಲ್ಕೈದು ಸಾವಿರ ಪೆಟ್ಟಷ್ಟೇ, ಆದರೆ ಪ್ರತಿಯೊಂದೂ ಭಾರಿ. ಒತ್ತುವ ಕೆಲಸವಿಲ್ಲ, ನೆಟ್ಟಗೆ ಹಿಡಿದರೆ ಸಾಕು. ಆರ್‌ಸಿಸಿ ಬೀಮಿಗೆ, ಕಂಬಕ್ಕೆ ತಕ್ಕದ್ದು ಇದು. ಇಂಥ ಕಡೆ ಚಿಕ್ಕ ಡ್ರಿಲ್ಲನ್ನು ಎದೆ ಕೊಟ್ಟು ಒತ್ತಿದರೆ ಬಿಟ್ಟು ಕಾದು ಕೆಂಪಾಗುತ್ತದೆ, ಜಾರುತ್ತದೆ, ಇಲ್ಲವೇ ತುಂಡಾಗುತ್ತದೆ. ಒತ್ತುತ್ತಿದ್ದವರು ಸ್ಟೂಲಿನ ಮೇಲಿದ್ದರೆ ಮೈಭಾರವೆಲ್ಲ ಮುಂದಕ್ಕೆ ವಾಲಿರುತ್ತದೆ. ಬಿಟ್ಟು ಜಾರಿದ ಕ್ಷಣ ಆ ಭಾರಕ್ಕೆ ಆಸರೆಯೇ ಇಲ್ಲ.

ಎಲ್ಲ ಗೋಡೆಗೂ ಹ್ಯಾಮರ್ ಬೇಡ. ಮಣ್ಣಿನ ಗೋಡೆ, ಟೊಳ್ಳು ಬ್ಲಾಕು, ಕರಾವಳಿಯ ಮೆತ್ತಗಿನ ಕೆಂಪುಕಲ್ಲು ಇವಕ್ಕೆ ಬರೀ ತಿರುಗುವ ಡ್ರಿಲ್ಲೇ ಸಾಕು. ಪೆಟ್ಟು ಕೊಟ್ಟರೆ ತೂತು ಉದುರಿ ದೊಡ್ಡದಾಗಿ, ಸ್ಕ್ರೂ ಕೂರಿಸುವ ರಾಲ್‌ ಪ್ಲಗ್ಗು ನಿಲ್ಲುವುದಿಲ್ಲ. ಬಚ್ಚಲಿನ ಟೈಲ್ಸಿಗೆ ಪೆಟ್ಟು ಬಿದ್ದರೆ ಬಿರುಕು ಖಂಡಿತ. ಅಲ್ಲಿ ಹ್ಯಾಮರ್ ಗುಂಡಿ ತಿರುಗಿಸಿ ಆರಿಸಿ, ಗುರುತಿನ ಮೇಲೆ ಒಂದು ತುಂಡು ಟೇಪು ಅಂಟಿಸಿ, ನಿಧಾನವಾಗಿ ಶುರು ಮಾಡಬೇಕು.

ಈಗ ಕೈಯ ಮಾತು. ಕಾಂಕ್ರೀಟಿನೊಳಗೆ ಕಬ್ಬಿಣದ ಸರಳು ಅಡ್ಡ ಸಿಕ್ಕಿ ಬಿಟ್ಟು ಕಚ್ಚಿಕೊಂಡಿತು ಅನ್ನಿ. ಮೋಟಾರು ತಿರುಗುತ್ತಲೇ ಇದೆ, ಬಿಟ್ಟು ತಿರುಗಲಾರದು. ಹಾಗಾದಾಗ ಯಂತ್ರದ ಮೈಯೇ ತಿರುಗುತ್ತದೆ, ಅದರೊಂದಿಗೆ ಮಣಿಕಟ್ಟೂ ತಿರುಚುತ್ತದೆ. ಡ್ರಿಲ್ಲಿನ ಜೊತೆ ಡಬ್ಬಿಯಲ್ಲಿ ಬರುವ ಅಡ್ಡಹಿಡಿ ಇರುವುದು ಇದಕ್ಕೇ. ಎಷ್ಟೋ ಮನೆಗಳಲ್ಲಿ ಅದು ಡಬ್ಬಿಯಿಂದ ಆಚೆ ಬಂದೇ ಇರುವುದಿಲ್ಲ. ಅದನ್ನು ಬಿಗಿದು ಎರಡೂ ಕೈಯಲ್ಲಿ ಹಿಡಿದರೆ ಆ ತಿರುಚನ್ನು ತಡೆಯಬಹುದು. ಇನ್ನೊಂದು ರಕ್ಷಣೆ ಯಂತ್ರದ ಹಿಡಿಯಲ್ಲೇ ಇದೆ, ಅದು ಬಂದದ್ದು ಹೀಗೆ. ಜರ್ಮನಿಯ ಸ್ಟುಟ್‌ಗಾರ್ಟಿನ ಫೈನ್ ಕಂಪನಿ 1895ರಲ್ಲಿ ಕೈಯಲ್ಲಿ ಹಿಡಿಯುವ ವಿದ್ಯುತ್ ಡ್ರಿಲ್ಲು ತಯಾರಿಸಿತು. 1917ರಲ್ಲಿ ಅಮೆರಿಕದ ಬ್ಲ್ಯಾಕ್ ಅಂಡ್ ಡೆಕ್ಕರ್ ಕಂಪನಿ ಪಿಸ್ತೂಲಿನಂಥ ಹಿಡಿ ಮತ್ತು ಬೆರಳಲ್ಲಿ ಒತ್ತುವ ಟ್ರಿಗರ್ ಸ್ವಿಚ್ಚಿಗೆ ಪೇಟೆಂಟ್ ಪಡೆಯಿತು. ಬೆರಳು ಸಡಿಲವಾದ ಕೂಡಲೇ ಯಂತ್ರ ನಿಲ್ಲುತ್ತದೆ ಎಂಬುದು ಆ ಟ್ರಿಗರಿನ ದೊಡ್ಡ ಗುಣ. ಪಕ್ಕದಲ್ಲಿರುವ ಲಾಕ್ ಗುಂಡಿ ಒತ್ತಿಟ್ಟರೆ ಈ ರಕ್ಷಣೆಯನ್ನು ನಾವೇ ಕಳೆದುಕೊಂಡಂತೆ. ಗೋಡೆ ಕೊರೆಯುವಾಗ ಆ ಗುಂಡಿಯ ತಂಟೆಗೆ ಹೋಗಬೇಡಿ.

ತಿರುಗುವ ಬಿಟ್ಟು ಬಟ್ಟೆಯನ್ನು ಸುತ್ತಿ ಎಳೆದುಕೊಳ್ಳುತ್ತದೆ. ಸೀರೆಯ ಸೆರಗು, ದುಪಟ್ಟಾ, ಸಡಿಲ ತೋಳು, ಬಿಟ್ಟ ಕೂದಲು, ಮಣಿಕಟ್ಟಿನ ದಾರ ಎಲ್ಲವನ್ನೂ ಕಟ್ಟಿ ಬಿಗಿದುಕೊಳ್ಳಬೇಕು. ಸಡಿಲವಾದ ನೂಲಿನ ಕೈಗವಸು ಬಿಟ್ಟಿಗೆ ಸಿಕ್ಕರೆ ಬೆರಳೂ ಅದರ ಜೊತೆಗೇ ಹೋಗುತ್ತದೆ. ಬಿಟ್ಟು ಬದಲಿಸುವಾಗ ಪ್ಲಗ್ಗು ಕಿತ್ತಿರಲಿ, ಬ್ಯಾಟರಿಯದಾದರೆ ಬ್ಯಾಟರಿ ತೆಗೆದಿರಲಿ. ಬಿಗಿದ ಮೇಲೆ, ಬಿಟ್ಟನ್ನು ಹಿಡಿಯುವ ಚಕ್ಕಿನ ಕೀಲಿ ಅಲ್ಲೇ ಉಳಿಯದಿರಲಿ.

ಕರೆಂಟಿನ ವಿಷಯದಲ್ಲಿ ನಮ್ಮಲ್ಲೊಂದು ಕೆಟ್ಟ ರೂಢಿಯಿದೆ. ವೈರಿನ ತುದಿ ಸುಲಿದು ಸಾಕೆಟ್ಟಿನ ತೂತಿಗೆ ತುರುಕಿ, ಬೆಂಕಿಕಡ್ಡಿ ಸಿಕ್ಕಿಸಿ ಕೆಲಸ ಶುರು ಮಾಡುತ್ತಾರೆ. ಅದನ್ನು ಕಂಡ ಕೂಡಲೇ ಮನೆಯವರು ನಿಲ್ಲಿಸಬೇಕು, ಸರಿಯಾದ ಪ್ಲಗ್ಗಿರುವ ಎಕ್ಸ್‌ಟೆನ್ಶನ್ ಬೋರ್ಡು ಕೊಡಬೇಕು. ಇನ್ನೊಂದು ತಪ್ಪು ನಂಬಿಕೆ: ಮನೆಯಲ್ಲಿ ಎಂಸಿಬಿ ಇದೆ, ಶಾಕ್ ಹೊಡೆದರೆ ಅದೇ ಆರುತ್ತದೆ ಎಂಬುದು. ಎಂಸಿಬಿ ಕಾಯುವುದು ವೈರನ್ನು, ಮನುಷ್ಯನನ್ನಲ್ಲ. 16 ಆಂಪಿಯರಿನ ಎಂಸಿಬಿ ಆರಬೇಕಾದರೆ ಅದಕ್ಕಿಂತ ಹೆಚ್ಚು ಕರೆಂಟು ಹರಿಯಬೇಕು. ಹೃದಯದ ಬಡಿತ ಕೆಡಲು ಒಂದು ಆಂಪಿಯರಿನ ಹತ್ತನೆಯ ಒಂದು ಪಾಲೂ ಸಾಕು. ಜೀವ ಉಳಿಸುವುದು ಆರ್‌ಸಿಸಿಬಿ. ಹೋದ ಕರೆಂಟಿಗೂ ಮರಳಿ ಬಂದ ಕರೆಂಟಿಗೂ 30 ಮಿಲಿ ಆಂಪಿಯರ್ ವ್ಯತ್ಯಾಸ ಕಂಡರೆ ಅದು ಕಣ್ಣುಮಿಟುಕಿಸುವಷ್ಟರಲ್ಲಿ ಸಂಪರ್ಕ ಕಡಿಯುತ್ತದೆ. ಅದರ ಮೇಲಿನ ಟೆಸ್ಟ್ ಗುಂಡಿ ಒತ್ತಿ ಆರುತ್ತದೆಯೇ ಎಂದು ನೋಡಿದ ಮೇಲೆಯೇ ಡ್ರಿಲ್ಲು ಜೋಡಿಸಿ.

ಗೋಡೆಯೊಳಗಿನ ವೈರು ಕಣ್ಣಿಗೆ ಕಾಣುವುದಿಲ್ಲ, ಆದರೆ ಅದಕ್ಕೊಂದು ದಾರಿಯಿದೆ. ಸ್ವಿಚ್ ಬೋರ್ಡಿನಿಂದ ನೆಟ್ಟಗೆ ಮೇಲಕ್ಕೆ, ಕೆಳಕ್ಕೆ, ಅಕ್ಕಪಕ್ಕಕ್ಕೆ ಪೈಪು ಹೋಗಿರುವ ಸಾಧ್ಯತೆ ಹೆಚ್ಚು. ನಲ್ಲಿಗಳ ನೇರಕ್ಕೆ ನೀರಿನ ಪೈಪು ಹೋಗಿರುತ್ತದೆ. ಆ ನೇರಗಳಲ್ಲಿ ತೂತು ಬೇಡ. ಆತುರದಲ್ಲಿ ಓರೆಯಾಗಿ ಪೈಪು ಎಳೆದವರೂ ಇದ್ದಾರೆ. ಹಾಗಾಗಿ ಮನೆ ಕಟ್ಟಿಸುತ್ತಿರುವವರು ಪ್ಲಾಸ್ಟರಿಂಗಿಗೆ ಮುಂಚೆ ಪ್ರತಿ ಗೋಡೆಯ ಫೋಟೋ ತೆಗೆದಿಟ್ಟುಕೊಳ್ಳಲಿ. ಖರ್ಚಿಲ್ಲದ ಕೆಲಸ, ಮುಂದೆ ಎಷ್ಟೋ ವರ್ಷ ಉಪಯೋಗಕ್ಕೆ ಬರುತ್ತದೆ.

ಇವೆಲ್ಲ ತಟ್ಟನೆ ಆಗುವ ಅಪಾಯಗಳು. ನನ್ನನ್ನು ಹೆಚ್ಚು ಕಾಡುವುದು ಸದ್ದಿಲ್ಲದೆ ಆಗುವ ಹಾನಿ. ಮರಳು, ಗ್ರಾನೈಟು, ಕಾಂಕ್ರೀಟು, ಇಟ್ಟಿಗೆ ಎಲ್ಲದರಲ್ಲೂ ಸಿಲಿಕಾ ಇದೆ. ಕೊರೆದಾಗ ಬೀಳುವ ದಪ್ಪ ಪುಡಿಯಿಂದ ಅಷ್ಟು ಭಯವಿಲ್ಲ. ಅದು ಮೂಗಿನಲ್ಲೇ ನಿಲ್ಲುತ್ತದೆ. ಕಣ್ಣಿಗೆ ಕಾಣದ, ಕೆಲವೇ ಮೈಕ್ರಾನಿನ ಕಣಗಳು ಶ್ವಾಸಕೋಶದ ಕೊನೆಯ ಗಾಳಿಗೂಡಿನವರೆಗೂ ಇಳಿಯುತ್ತವೆ. ಅವನ್ನು ನುಂಗಲು ಬಂದ ದೇಹದ ಕಾವಲು ಕೋಶಗಳೇ ಸಾಯುತ್ತವೆ, ಅಲ್ಲಿ ಕಲೆಗಟ್ಟುತ್ತದೆ, ಮೆತ್ತಗಿದ್ದ ಶ್ವಾಸಕೋಶ ಬಿರುಸಾಗುತ್ತದೆ. ಇದೇ ಸಿಲಿಕೋಸಿಸ್. ಬಂದ ಮೇಲೆ ಕಲೆಯನ್ನು ಅಳಿಸುವ ಔಷಧಿಯಿಲ್ಲ. ಕ್ಷಯ ತಗಲುವ ಸಾಧ್ಯತೆಯೂ ಹೆಚ್ಚುತ್ತದೆ. ಕೆಲಸದ ಜಾಗದಲ್ಲಿ ಉಸಿರಾಡುವ ಸಿಲಿಕಾ ದೂಳು ಕ್ಯಾನ್ಸರ್‌ಕಾರಕ ಎಂದು ಅಂತಾರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 1997ರಲ್ಲಿ ಪಟ್ಟಿ ಮಾಡಿತು. ಕಾರ್ಖಾನೆಯಲ್ಲಿ ಸಿಲಿಕೋಸಿಸ್ ಕಂಡರೆ ಸರ್ಕಾರಕ್ಕೆ ತಿಳಿಸಲೇಬೇಕೆಂದು 1948ರ ಕಾರ್ಖಾನೆ ಕಾಯ್ದೆಯೇ ಹೇಳಿತ್ತು. ಮನೆಯಿಂದ ಮನೆಗೆ ಹೋಗಿ ಕೊರೆಯುವವರಿಗೆ ಕಾರ್ಖಾನೆ ಎಲ್ಲಿದೆ?

ವರ್ಷಕ್ಕೊಮ್ಮೆ ಎರಡು ತೂತು ಕೊರೆಯುವ ನನಗೂ ನಿಮಗೂ ಈ ದೂಳಿನಿಂದ ಆಗುವ ಕೆಡುಕು ಕಡಿಮೆ. ದಿನಕ್ಕೆ ಹತ್ತಾರು ತೂತು, ವರ್ಷವಿಡೀ ಕೊರೆಯುವ ಪ್ಲಂಬರು, ಎಲೆಕ್ಟ್ರಿಷಿಯನ್ನು, ಪರದೆ ಕಟ್ಟುವ ಹುಡುಗರು ಮೂಗಿಗೆ ಕರವಸ್ತ್ರ ಕಟ್ಟಿಕೊಂಡಿರುತ್ತಾರೆ. ಆ ಸಣ್ಣ ಸಿಲಿಕಾ ಕಣಗಳಿಗೆ ಕರವಸ್ತ್ರ ಅಡ್ಡಿಯೇ ಅಲ್ಲ. ಎನ್-95 ಮಾಸ್ಕು 0.3 ಮೈಕ್ರಾನಿನ ಕಣಗಳಲ್ಲಿ ಕನಿಷ್ಠ ಶೇಕಡ 95ರಷ್ಟನ್ನು ತಡೆಯುತ್ತದೆ, ಮುಖಕ್ಕೆ ಸಂದಿಲ್ಲದೆ ಕೂತಿದ್ದರೆ ಮಾತ್ರ. ಕೆಲಸಕ್ಕೆ ಕರೆಸಿದ ಮನೆಯವರೇ ಅದನ್ನೂ ಕಣ್ಣು ಕಾಯುವ ಒಂದು ಕನ್ನಡಕವನ್ನೂ ತಂದಿಟ್ಟುಕೊಂಡು ಮೊದಲು ಕೈಗೆ ಕೊಡಬೇಕೆಂದು ನಾನು ಕೇಳಿಕೊಳ್ಳುತ್ತೇನೆ. ಕಾಫಿ ಕೊಡುವ ಮನೆಗೆ ಇದು ಭಾರವಲ್ಲ. ಕಿಟಕಿ ತೆರೆದಿರಲಿ, ಇನ್ನೊಬ್ಬರು ತೂತಿನ ಕೆಳಗೆ ವ್ಯಾಕ್ಯೂಮ್ ಕ್ಲೀನರಿನ ಬಾಯಿ ಹಿಡಿದರೆ ಇನ್ನೂ ಒಳ್ಳೆಯದು.

ಕೈಗೂ ಹೀಗೇ ನಿಧಾನದ ಕೇಡು ಇದೆ. 1918ರಲ್ಲಿ ಅಮೆರಿಕದ ವೈದ್ಯೆ ಆಲಿಸ್ ಹ್ಯಾಮಿಲ್ಟನ್ ಇಂಡಿಯಾನಾದ ಬೆಡ್‌ಫರ್ಡಿನಲ್ಲಿ ಸುಣ್ಣಕಲ್ಲು ಕೆತ್ತುವವರನ್ನು ಪರೀಕ್ಷಿಸಿದರು. ಗಾಳಿಯಿಂದ ನಡೆಯುವ ಸುತ್ತಿಗೆ ಹಿಡಿದವರ ಬೆರಳುಗಳು ಚಳಿಯಲ್ಲಿ ಹೆಣದಂತೆ ಬಿಳಿಚಿ, ಸ್ಪರ್ಶ ಕಳೆದುಕೊಳ್ಳುತ್ತಿದ್ದವು. ಸತತ ಕಂಪನದಿಂದ ಬೆರಳಿನ ರಕ್ತನಾಳ, ನರಗಳು ಕೆಡುವುದೇ ಇದಕ್ಕೆ ಕಾರಣ. ನಮ್ಮ ಸೆಕೆಯಲ್ಲಿ ಬಿಳಿಚುವುದು ಅಷ್ಟಾಗಿ ಕಾಣದಿರಬಹುದು. ಕೆಲಸ ಬಿಟ್ಟ ಮೇಲೂ ಜೋಮು ಇಳಿಯದಿರುವುದು, ಅಂಗಿಯ ಗುಂಡಿ ಹಾಕಲು ಬೆರಳು ಬಾರದಿರುವುದು ಇದರ ಮುನ್ಸೂಚನೆ. ಮೊಂಡಾದ ಬಿಟ್ಟು ಎಸೆದು ಹೊಸದು ಹಾಕಿದರೆ ಒತ್ತುವ ಬಲವೂ ಹೊತ್ತೂ ಕಡಿಮೆಯಾಗುತ್ತದೆ, ಕಂಪನದ ಪಾಲೂ ಇಳಿಯುತ್ತದೆ. ನಡುನಡುವೆ ಕೈಗೆ ಬಿಡುವು ಬೇಕು. ಕಿವಿಗೆ ಪ್ಲಗ್ಗು ಬೇಕು. 100 ಡೆಸಿಬಲ್ ಸದ್ದಿನಲ್ಲಿ ದಿನಕ್ಕೆ ಕಾಲು ಗಂಟೆಗಿಂತ ಹೆಚ್ಚು ಇರಬಾರದು ಎಂಬುದು ಅಮೆರಿಕದ ಔದ್ಯೋಗಿಕ ಆರೋಗ್ಯ ಸಂಸ್ಥೆಯ ಲೆಕ್ಕ. ಹ್ಯಾಮರ್ ಡ್ರಿಲ್ಲಿನ ಸದ್ದು ಹೆಚ್ಚುಕಡಿಮೆ ಅಷ್ಟೇ ಇರುತ್ತದೆ.

ಕೆಲಸ ಮುಗಿದು ಕೊರೆಯುವವರು ಹೊರಟ ಮೇಲೆ ಒಂದು ಮಾತು ನೆನಪಿರಲಿ. ನೆಲದ ಪುಡಿಯನ್ನು ಒಣ ಪೊರಕೆಯಲ್ಲಿ ಗುಡಿಸಿದರೆ ತಳಕ್ಕೆ ಕೂತ ಸಣ್ಣ ದೂಳೆಲ್ಲ ಮತ್ತೆ ಗಾಳಿಗೇರುತ್ತದೆ, ಗುಡಿಸುವವರ ಮೂಗಿನ ಮಟ್ಟಕ್ಕೇ ಬರುತ್ತದೆ. ಮಕ್ಕಳನ್ನು ಆಚೆ ಕಳಿಸಿ, ಡ್ರಿಲ್ಲು ನಿಮ್ಮದೇ ಆದರೆ ಅದರ ಪ್ಲಗ್ಗು ಕಿತ್ತಿದೆಯೇ ನೋಡಿ, ಆಮೇಲೆ ಒದ್ದೆ ಬಟ್ಟೆಯಲ್ಲಿ ಒರೆಸಿ ತೆಗೆಯಿರಿ. ಬಟ್ಟೆಯನ್ನು ಒಣಗಲು ಬಿಡದೆ ಕೂಡಲೇ ಹಿಂಡಿ ತೊಳೆಯಿರಿ.