ಪುಟ್ಟಣ್ಣ ಮತ್ತು ನಮ್ಮ ಚಿಕ್ಕಮ್ಮನ ತಕರಾರು



ನೆಚ್ಚಿನ ನಿರ್ದೇಶಕರ ಬಗ್ಗೆ ನಾಲ್ಕು ಮಾತಾಡಿ ಅಂದಾಗ ನಾನು ಯೋಚಿಸಲೇ ಇಲ್ಲ. ಪುಟ್ಟಣ್ಣ ಕಣಗಾಲ್ ಅಂದುಬಿಟ್ಟೆ. ಮುಂಬೈಯ ಚಾಳಿನಲ್ಲಿ ಹುಟ್ಟಿ ಬೆಳೆದವನು ನಾನು. ಚಿತ್ರದುರ್ಗದ ಕೋಟೆ ಮೊದಲು ಕಂಡದ್ದು 1972ರ 'ನಾಗರಹಾವು' ಚಿತ್ರದಲ್ಲೇ. ಎಷ್ಟೋ ವರ್ಷದ ಮೇಲೆ ನಿಜವಾದ ಕೋಟೆ ಹತ್ತಿದಾಗ, ಓಬವ್ವನ ಕಿಂಡಿಯ ಹತ್ತಿರ ಕಣ್ಣು ಜಯಂತಿಯವರನ್ನೇ ಹುಡುಕುತ್ತಿತ್ತು! ವಿಷ್ಣುವರ್ಧನ್ ನಾಯಕರಾದದ್ದು, ಅಂಬರೀಶ್ ಬೆಳಕಿಗೆ ಬಂದದ್ದು ಅದೇ ಚಿತ್ರದಿಂದ. ಅದೆಲ್ಲ ನಿಮಗೆ ಗೊತ್ತಿರುವುದೇ.

ನಾನು ಹೇಳಹೊರಟದ್ದು 'ಶರಪಂಜರ'ದ ಬಗ್ಗೆ. 1971ರ ಚಿತ್ರ, ತ್ರಿವೇಣಿಯವರ ಕಾದಂಬರಿ. ತ್ರಿವೇಣಿ 1963ರಲ್ಲೇ ತೀರಿಕೊಂಡಿದ್ದರು, ಚಿತ್ರ ನೋಡಲು ಅವರಿರಲಿಲ್ಲ. ಬಾಣಂತನದ ನಂತರ ಕಾವೇರಿಯ ಮನಸ್ಸು ಕೆಡುತ್ತದೆ. ಆಸ್ಪತ್ರೆಯಲ್ಲಿ ಗುಣವಾಗಿ ಮನೆಗೆ ಬರುತ್ತಾಳೆ. ಆದರೆ ಗುಣವಾಗಿದ್ದಾಳೆ ಅಂತ ನಂಬುವವರೇ ಇಲ್ಲ. ಗಟ್ಟಿಯಾಗಿ ನಕ್ಕರೂ ಕಷ್ಟ, ಸುಮ್ಮನೆ ಕೂತರೂ ಕಷ್ಟ. ಗಂಡನ ಮನಸ್ಸು ಬೇರೆ ಕಡೆ ಹೊರಟುಹೋಗಿದೆ. ಕಲ್ಪನಾ ಆ ಅನುಮಾನದ ಕಣ್ಣುಗಳ ಮಧ್ಯೆ ಓಡಾಡುವುದನ್ನು ನೋಡಿದರೆ ಈಗಲೂ ಮೈ ಬಿಗಿಯಾಗುತ್ತದೆ.

ಇದು ನನಗೆ ಬರೀ ಸಿನಿಮಾ ಆಗಿರಲಿಲ್ಲ. ಅಮ್ಮನ ತಂಗಿ, ನಮ್ಮ ಚಿಕ್ಕಮ್ಮ, ಊರಿನಲ್ಲಿ ಬಾಣಂತಿಯಾಗಿದ್ದಾಗ ಇದೇ ಕಾಯಿಲೆಗೆ ಬಿದ್ದು, ಚಿಕಿತ್ಸೆ ಮುಗಿಸಿಕೊಂಡು ನಮ್ಮ ಒಂದೇ ಕೋಣೆಯ ಮನೆಗೆ ಬಂದು ನಾಲ್ಕು ತಿಂಗಳಿದ್ದರು. ಅಮ್ಮ ರಾತ್ರಿ ಈಳಿಗೆಮಣೆಯನ್ನು ಬೀರುವಿನ ಮೇಲಿಡುತ್ತಿದ್ದಳು. ಚಿಕ್ಕಮ್ಮ ನಲ್ಲಿಗೆ ನೀರು ಹಿಡಿಯಲು ಹೋದರೆ ಹಿಂದೆಯೇ ಹೋಗುವ ಕೆಲಸ ನನ್ನದು. ಅದೇ ಸಮಯದಲ್ಲಿ ಮಾಟುಂಗಾದ ಕಡೆ ಭಾನುವಾರ ಬೆಳಗಿನ ಆಟಕ್ಕೆ 'ಶರಪಂಜರ' ಬಂತು. ಚಿಕ್ಕಮ್ಮ "ನಾನೂ ಬರ್ತೀನಿ ಭಾವ" ಅಂದರು. ಅಪ್ಪ ಅವರ ಮುಖ ನೋಡದೆ, "ಟಿಕೆಟ್ ಮೂರೇ ಸಿಕ್ಕಿರೋದು" ಅಂದರು. ನಾಲ್ಕನೆಯ ಟಿಕೆಟ್ ಅಪ್ಪನ ಜೇಬಿನಲ್ಲೇ ಇತ್ತು. ನಾನು ನೋಡಿದ್ದೆ, ಹೇಳಲಿಲ್ಲ. ಥಿಯೇಟರಿನಲ್ಲಿ ಪಕ್ಕದ ಖಾಲಿ ಸೀಟಿನ ಮೇಲೆ ಅಮ್ಮ ಕೊಡೆ ಇಟ್ಟು ಕೂತಳು. ಪರದೆಯ ಮೇಲೆ ಕಾವೇರಿಯನ್ನು ಕಾಯುವವರನ್ನು ಕಂಡು ಮೂವರೂ ಕಣ್ಣೊರೆಸಿಕೊಂಡೆವು. ಮನೆಗೆ ಬಂದಮೇಲೆ ಈಳಿಗೆಮಣೆ ಮತ್ತೆ ಬೀರು ಏರಿತು.

ಪುಟ್ಟಣ್ಣನವರಲ್ಲಿ ಕೊರತೆಗಳಿಲ್ಲವೇ? ಇವೆ. ಝೂಮ್ ಕಂಡರೆ ಅವರಿಗೆ ಬಲು ಆಸೆ. ಮಾತು ಸಾಕು ಅನಿಸಿದ ಮೇಲೂ ಇನ್ನೆರಡು ಮಾತಿರುತ್ತದೆ. ಆದರೆ ಮನೆಯೊಳಗೆ ಹೆಂಗಸರು ಪಿಸುಗುಟ್ಟುವ ಸಂಗತಿಗಳನ್ನು ನಡುಮನೆಗೆ ತಂದಿಟ್ಟರು ನೋಡಿ, ಆ ಧೈರ್ಯ ದೊಡ್ಡದು. 'ಗೆಜ್ಜೆಪೂಜೆ', 'ಎಡಕಲ್ಲು ಗುಡ್ಡದ ಮೇಲೆ', 'ರಂಗನಾಯಕಿ', ಯಾವುದನ್ನಾದರೂ ತೆಗೆದುಕೊಳ್ಳಿ. 1985ರಲ್ಲಿ, 'ಮಸಣದ ಹೂವು' ಮುಗಿಯುವ ಮೊದಲೇ ಹೊರಟುಹೋದರು. ಇನ್ನೂ 51 ವರ್ಷ.

ಚಿಕ್ಕಮ್ಮ ಕಡೆಗೂ 'ಶರಪಂಜರ' ನೋಡಿದ್ದು ಬಹಳ ವರ್ಷಗಳ ಮೇಲೆ, ಟೀವಿಯಲ್ಲಿ. ಅಷ್ಟು ಹೊತ್ತಿಗೆ ಇಬ್ಬರು ಮಕ್ಕಳ ಮದುವೆ ಮಾಡಿ, ಮೊಮ್ಮಗಳನ್ನೂ ಎತ್ತಿ ಆಡಿಸಿದ್ದರು. ಅವರಿಗೆ ಆ ಕಾಯಿಲೆ ಮತ್ತೆಂದೂ ಬರಲಿಲ್ಲ. ಚಿತ್ರ ಮುಗಿದ ಮೇಲೆ ನಾನು ಹೆದರಿಕೊಂಡೇ "ಹೇಗಿತ್ತು ಚಿಕ್ಕಮ್ಮ?" ಅಂದೆ.

"ಆ ಹುಡುಗಿ ಚೆನ್ನಾಗಿ ಮಾಡಿದಾಳೆ. ಆದ್ರೆ ನಿಮ್ಮ ಪುಟ್ಟಣ್ಣ ಅವಳನ್ನ ಮತ್ತೆ ಆಸ್ಪತ್ರೆಗೆ ಯಾಕೆ ಕಳಿಸಿದ? ನಾನು ಹೋಗಲಿಲ್ವಲ್ಲ."

ನಾನು ಸಮಾಜವನ್ನು ಬೆಚ್ಚಿಬೀಳಿಸಲು ಹಾಗೆ ಮಾಡಿದ್ದು ಅಂತೆಲ್ಲ ವಾದಿಸಿದೆ. ಅವರು ತಲೆಯಾಡಿಸಲಿಲ್ಲ. ಅವರಿಗೆ ಇಷ್ಟವಾದದ್ದು 1967ರ 'ಬೆಳ್ಳಿಮೋಡ'. ಆಸ್ತಿ ಕೈತಪ್ಪಿತೆಂದು ಇಂದಿರೆಯನ್ನು ಬಿಟ್ಟ ಮೋಹನ, ಆಮೇಲೆ ಅವಳಿಂದಲೇ ಶುಶ್ರೂಷೆ ಮಾಡಿಸಿಕೊಂಡು ಮದುವೆಗೆ ಸಿದ್ಧನಾಗುತ್ತಾನೆ. ಅವಳು ಒಲ್ಲೆ ಅನ್ನುತ್ತಾಳೆ. ಅದೂ ತ್ರಿವೇಣಿಯವರದೇ ಕಥೆ, ಅದೇ ಕಲ್ಪನಾ, ಅದೇ ಪುಟ್ಟಣ್ಣ. ಕನ್ನಡದಲ್ಲಿ ಅವರ ಮೊದಲ ಚಿತ್ರ.

"ಮೊದಲನೇದ್ರಲ್ಲೇ ಸರಿಯಾಗಿ ಮಾಡಿದ್ದ" ಅಂದರು ಚಿಕ್ಕಮ್ಮ. ಆಮೇಲೆ ಎದ್ದು ಒಳಗೆ ಹೋಗುತ್ತಾ ಕೇಳಿದರು, "ಅವತ್ತು ನಾಲ್ಕು ಟಿಕೆಟ್ ಇತ್ತು, ಅಲ್ವೇನೋ?"