ಲೆಕ್ಕ ಕೇಳೋಣ, ಧೈರ್ಯವಾಗಿ ಮಾತಾಡೋಣ

(ಮಹಿಳಾ ಸ್ವಸಹಾಯ ಸಂಘಗಳ ಸದಸ್ಯೆಯರ ತರಬೇತಿಯಲ್ಲಿ ಆಡಿದ ಮಾತುಗಳ ಬರಹರೂಪ)



ವಾರದ ಸಂಘದ ಸಭೆಯಲ್ಲಿ ನಾವೇನು ಮಾಡ್ತೇವೆ? ಪ್ರಾರ್ಥನೆ ಆಗುತ್ತದೆ, ಹಾಜರಾತಿ ಆಗುತ್ತದೆ. ಆಮೇಲೆ ಹಿಂದಿನ ವಾರದ ನಡಾವಳಿ ಓದುತ್ತೇವೆ. ಉಳಿತಾಯ ಎಷ್ಟು ಬಂತು, ಯಾರಿಗೆ ಸಾಲ ಕೊಟ್ಟೆವು, ಬಡ್ಡಿ ಎಷ್ಟು, ಬ್ಯಾಂಕಿನಲ್ಲಿ ಎಷ್ಟಿದೆ, ಎಲ್ಲವನ್ನೂ ಎಲ್ಲರ ಮುಂದೆ ಹೇಳುತ್ತೇವೆ. ಪ್ರತಿನಿಧಿ "ಲೆಕ್ಕ ನಿಮಗ್ಯಾಕೆ?" ಅಂದರೆ ಆ ಸಂಘ ಒಂದು ತಿಂಗಳೂ ಉಳಿಯುವುದಿಲ್ಲ. ಯಾಕೆಂದರೆ ಆ ದುಡ್ಡು ನಮ್ಮೆಲ್ಲರದು.

ಪಂಚಾಯಿತಿಯ ದುಡ್ಡು ಯಾರದು? ಸರ್ಕಾರದ ದುಡ್ಡು ಯಾರದು? ಒಂದು ಸೋಪು ಕೊಂಡರೂ, ಒಂದು ಬೆಂಕಿಪೊಟ್ಟಣ ಕೊಂಡರೂ ಅದರ ಬೆಲೆಯಲ್ಲಿ ತೆರಿಗೆ ಸೇರಿರುತ್ತದೆ. ಹಾಗಿದ್ದ ಮೇಲೆ ಅದೂ ನಮ್ಮದೇ ದುಡ್ಡು. ಸಂಘದ ಪುಸ್ತಕ ತೆರೆದು ನೋಡುವ ಅಭ್ಯಾಸ ಇರುವ ನಾವು ಸರ್ಕಾರದ ಪುಸ್ತಕವನ್ನೂ ತೆರೆಸಿ ನೋಡಬಹುದು. ಅದಕ್ಕೆ ಕಾನೂನು ಇದೆ. ಆ ಕಾನೂನನ್ನು ಹೋರಾಡಿ ತಂದವರಲ್ಲಿ ನಮ್ಮಂಥ ಹಳ್ಳಿಯ ಹೆಂಗಸರೇ ಬಹಳ ಮಂದಿ.

ರಾಜಸ್ಥಾನದ ಬಡವರು ಮಾಡಿದ ಕೆಲಸ

ರಾಜಸ್ಥಾನದಲ್ಲಿ 1990ರಲ್ಲಿ 'ಮಜ್ದೂರ್ ಕಿಸಾನ್ ಶಕ್ತಿ ಸಂಘಟನ್' ಎಂಬ ಕೂಲಿಕಾರರ, ರೈತರ ಸಂಘಟನೆ ಹುಟ್ಟಿತು. ಐ.ಎ.ಎಸ್. ಕೆಲಸ ಬಿಟ್ಟು ಹಳ್ಳಿಗೆ ಬಂದ ಅರುಣಾ ರಾಯ್, ನಿಖಿಲ್ ಡೇ, ಶಂಕರ್ ಸಿಂಗ್ ಇವರೆಲ್ಲ ಹಳ್ಳಿಯವರ ಜೊತೆ ಸೇರಿ ಅದನ್ನು ಕಟ್ಟಿದರು. ಅಲ್ಲಿ ಬರಗಾಲದ ಕಾಮಗಾರಿಗಳಲ್ಲಿ ದುಡಿದವರಿಗೆ ಕನಿಷ್ಠ ಕೂಲಿಯೂ ಸಿಗುತ್ತಿರಲಿಲ್ಲ. ಕೇಳಿದರೆ, "ನೀವು ಅಷ್ಟು ಕೆಲಸ ಮಾಡಿಲ್ಲ, ದಾಖಲೆಯಲ್ಲಿ ಹಾಗೇ ಇದೆ" ಎಂಬ ಉತ್ತರ. ದಾಖಲೆ ತೋರಿಸಿ ಅಂದರೆ, "ಅದು ಗುಟ್ಟು."

1994ರ ಡಿಸೆಂಬರಿನಲ್ಲಿ ಕೋಟ್ ಕಿರಾನಾ ಎಂಬ ಊರಿನಲ್ಲಿ ಮೊದಲ 'ಜನ್ ಸುನ್ವಾಯಿ', ಅಂದರೆ ಜನರ ಅಹವಾಲು ಸಭೆ ನಡೆಯಿತು. ಹೇಗೋ ಸಿಕ್ಕಿದ ಹಾಜರಿ ಪಟ್ಟಿಗಳನ್ನು, ಬಿಲ್ಲುಗಳನ್ನು ಜನರ ಮುಂದೆ ಗಟ್ಟಿಯಾಗಿ ಓದಿದರು. ಇಂಥ ಸಭೆಗಳಲ್ಲಿ ಏನೇನು ಹೊರಬಂತು ಗೊತ್ತೇ? ಸತ್ತವರ ಹೆಸರಿನಲ್ಲಿ ಕೂಲಿ ಬರೆದಿದ್ದರು. ಕಾಗದದಲ್ಲಿ ಪೂರ್ತಿಯಾದ ಕಟ್ಟಡ ಊರಿನಲ್ಲಿ ಇರಲೇ ಇಲ್ಲ. ಓದು ಬಾರದ ಹೆಂಗಸರು ಎದ್ದು ನಿಂತು, "ನಾನು ಆ ಕೆಲಸಕ್ಕೆ ಹೋಗೇ ಇಲ್ಲ, ನನಗೆ ಆ ದುಡ್ಡು ಬಂದೇ ಇಲ್ಲ" ಎಂದು ಸಾಕ್ಷಿ ಹೇಳಿದರು.

ಇಲ್ಲಿ ಎರಡು ವಿಷಯ ಗಮನಿಸಬೇಕು. ದಾಖಲೆ ಸಿಕ್ಕದೆ ಇದ್ದರೆ ಆ ಹೆಂಗಸರಿಗೆ ಹೇಳಲು ಏನೂ ಇರುತ್ತಿರಲಿಲ್ಲ. ದಾಖಲೆ ಸಿಕ್ಕಿಯೂ ಅವರು ಬಾಯಿ ಬಿಡದೆ ಇದ್ದರೆ ಅದು ಬರೀ ಕಾಗದ. ತಿಳಿಯುವ ಹಕ್ಕು, ಮಾತಾಡುವ ಹಕ್ಕು ಇವೆರಡೂ ಒಂದೇ ಗಾಡಿಯ ಎರಡು ಎತ್ತುಗಳು.

1996ರಲ್ಲಿ ಬ್ಯಾವರ್ ಎಂಬ ಪಟ್ಟಣದಲ್ಲಿ ನಲವತ್ತು ದಿನ ಧರಣಿ ನಡೆಯಿತು. ಹಳ್ಳಿಯವರು ಧಾನ್ಯ ತಂದರು, ಪಟ್ಟಣದ ತರಕಾರಿ ಮಾರುವವರು ತರಕಾರಿ ಕೊಟ್ಟರು. 'ಹಮಾರಾ ಪೈಸಾ, ಹಮಾರಾ ಹಿಸಾಬ್' ಎಂಬುದು ಅವರ ಘೋಷಣೆ: ದುಡ್ಡು ನಮ್ಮದು, ಲೆಕ್ಕವೂ ನಮ್ಮದು. ಆ ಸಂಘಟನೆಯ ಸುಶೀಲಾ ಎಂಬ ಹೆಣ್ಣುಮಗಳು ಕಲಿತದ್ದು ನಾಲ್ಕನೇ ತರಗತಿ. ಇಷ್ಟು ಕಡಿಮೆ ಓದಿದ ನಿಮಗೆ ಮಾಹಿತಿ ಯಾಕೆ ಎಂದು ದೆಹಲಿಯಲ್ಲಿ ಪತ್ರಕರ್ತರು ಕೇಳಿದರು. ಮಗನ ಕೈಗೆ ಹತ್ತು ರೂಪಾಯಿ ಕೊಟ್ಟು ಪೇಟೆಗೆ ಕಳಿಸಿದರೂ ಲೆಕ್ಕ ಕೇಳುತ್ತೇನೆ, ನಮ್ಮ ಹೆಸರಿನಲ್ಲಿ ಸರ್ಕಾರ ಕೋಟಿಗಟ್ಟಲೆ ಖರ್ಚು ಮಾಡುವಾಗ ಕೇಳಬಾರದೇ ಎಂಬ ಅರ್ಥದ ಉತ್ತರ ಕೊಟ್ಟರು ಆ ತಾಯಿ.

ಕರ್ನಾಟಕ ಸರ್ಕಾರ 2000ದಲ್ಲೇ ಮಾಹಿತಿ ಹಕ್ಕಿನ ಒಂದು ಕಾನೂನು ಮಾಡಿತ್ತು. 2005ರ ಅಕ್ಟೋಬರ್ 12ರಿಂದ ದೇಶದಲ್ಲಿ ಮಾಹಿತಿ ಹಕ್ಕು ಅಧಿನಿಯಮ ಬಂತು.

ಸಂವಿಧಾನ ಏನು ಹೇಳುತ್ತದೆ?

ಸಂವಿಧಾನದ 19ನೇ ವಿಧಿ ಪ್ರತಿಯೊಬ್ಬ ಪ್ರಜೆಗೂ ಮಾತಿನ ಮತ್ತು ಅಭಿವ್ಯಕ್ತಿಯ ಸ್ವಾತಂತ್ರ್ಯ ಕೊಟ್ಟಿದೆ. ಅಧಿಕಾರಿಗಳು ಸಾರ್ವಜನಿಕವಾಗಿ ಮಾಡುವ ಕೆಲಸವನ್ನು ತಿಳಿಯುವ ಹಕ್ಕು ಜನರಿಗಿದೆ ಎಂದು ಸುಪ್ರೀಂ ಕೋರ್ಟು 1975ರಲ್ಲೇ ಹೇಳಿತು. ಅದೇ ವರ್ಷ ದೇಶದಲ್ಲಿ ತುರ್ತು ಪರಿಸ್ಥಿತಿ ಬಂತು, ಪತ್ರಿಕೆಗಳ ಬಾಯಿ ಕಟ್ಟಿದರು. 'ಸಂಸ್ಕಾರ' ಸಿನಿಮಾದ ನಟಿ ಸ್ನೇಹಲತಾ ರೆಡ್ಡಿ ಬೆಂಗಳೂರಿನ ಜೈಲಿನಲ್ಲಿ ಕಾಯಿಲೆಯಿಂದ ನರಳಿ, ಹೊರಬಂದ ಕೆಲವೇ ದಿನಗಳಲ್ಲಿ, 1977ರ ಜನವರಿಯಲ್ಲಿ ತೀರಿಕೊಂಡರು. ಮಾತಿಗೆ ಬೀಗ ಬಿದ್ದರೆ ಏನಾಗುತ್ತದೆ ಎಂದು ನಮ್ಮ ನಾಡೂ ಕಂಡಿದೆ.

ನಮ್ಮ ಧರ್ಮಸಭೆಯೂ ಇದನ್ನು ಹೇಳಿದೆ. ಪೋಪ್ 23ನೇ ಜಾನ್ ಅವರು 1963ರಲ್ಲಿ ಹೊರಡಿಸಿದ 'ಪಾಚೆಮ್ ಇನ್ ತೆರ್ರಿಸ್' ವಿಶ್ವಪತ್ರದಲ್ಲಿ, ಅಭಿಪ್ರಾಯ ಹೇಳುವುದು, ಸಾರ್ವಜನಿಕ ವಿಷಯಗಳ ಬಗ್ಗೆ ಸತ್ಯವಾದ ಮಾಹಿತಿ ಪಡೆಯುವುದು ಮನುಷ್ಯರ ಹಕ್ಕು ಎಂದು ಬರೆದರು. ಯೇಸುಸ್ವಾಮಿ ಹೇಳಿದ ವಿಧವೆಯ ಕಥೆ ನಿಮಗೆ ಗೊತ್ತು. ದೇವರಿಗೂ ಹೆದರದ ನ್ಯಾಯಾಧಿಪತಿಯ ಹತ್ತಿರ ಆಕೆ ಮತ್ತೆ ಮತ್ತೆ ಹೋದಳು. ಕಡೆಗೆ ಆತನೇ ಸೋತು ನ್ಯಾಯ ಕೊಟ್ಟ. ಆಕೆಯ ಹತ್ತಿರ ಇದ್ದದ್ದು ಕೇಳುವ ಬಾಯಿ, ಬಿಡದ ಛಲ ಅಷ್ಟೇ.

ಅರ್ಜಿ ಹೇಗೆ ಹಾಕುವುದು?

• ಅರ್ಜಿಯನ್ನು ಆ ಕಚೇರಿಯ ಸಾರ್ವಜನಿಕ ಮಾಹಿತಿ ಅಧಿಕಾರಿಗೆ ಬರೆಯಬೇಕು. ಗ್ರಾಮ ಪಂಚಾಯಿತಿಯಲ್ಲಿ ಸಾಮಾನ್ಯವಾಗಿ ಪಿ.ಡಿ.ಓ. ಇರುತ್ತಾರೆ.

• ಹಕ್ಕು ಇರುವುದು ಪ್ರಜೆಗೆ. ಆದ್ದರಿಂದ ಸಂಘದ ಹೆಸರಿನಲ್ಲಿ ಬೇಡ, ಒಬ್ಬ ಸದಸ್ಯೆಯ ಹೆಸರಿನಲ್ಲಿ ಹಾಕಿ.

• ಒಂದು ಅರ್ಜಿಯಲ್ಲಿ ಒಂದೇ ವಿಷಯ ಇರಲಿ. ನಮ್ಮ ರಾಜ್ಯದ ನಿಯಮದಂತೆ 150 ಪದ ಮೀರದಂತೆ ನೋಡಿಕೊಳ್ಳಿ.

• ಶುಲ್ಕ 10 ರೂಪಾಯಿ. ಬಡತನ ರೇಖೆಗಿಂತ ಕೆಳಗಿನವರಿಗೆ ಶುಲ್ಕ ಇಲ್ಲ, ದಾಖಲೆಯ ಪ್ರತಿ ಲಗತ್ತಿಸಿ.

• ಯಾಕೆ ಬೇಕು ಎಂದು ಕಾರಣ ಹೇಳಬೇಕಾಗಿಲ್ಲ. ಬರೆಯಲು ಬಾರದಿದ್ದರೆ ಬರೆದುಕೊಳ್ಳಲು ನೆರವಾಗುವುದು ಅಧಿಕಾರಿಯ ಕರ್ತವ್ಯ.

• 30 ದಿನದಲ್ಲಿ ಉತ್ತರ ಬರಬೇಕು. ಜೀವಕ್ಕೆ, ಸ್ವಾತಂತ್ರ್ಯಕ್ಕೆ ಸಂಬಂಧಿಸಿದ್ದಾದರೆ 48 ಗಂಟೆಯಲ್ಲಿ.

• ಬರದಿದ್ದರೆ 30 ದಿನದೊಳಗೆ ಅದೇ ಇಲಾಖೆಯ ಮೇಲಿನ ಅಧಿಕಾರಿಗೆ ಮೊದಲ ಮೇಲ್ಮನವಿ. ಅಲ್ಲೂ ಆಗದಿದ್ದರೆ 90 ದಿನದೊಳಗೆ ಕರ್ನಾಟಕ ಮಾಹಿತಿ ಆಯೋಗಕ್ಕೆ ಎರಡನೇ ಮೇಲ್ಮನವಿ. ಸಕಾರಣವಿಲ್ಲದೆ ತಡ ಮಾಡಿದ ಅಧಿಕಾರಿಗೆ ಆಯೋಗ ದಿನಕ್ಕೆ 250 ರೂಪಾಯಿಯಂತೆ 25,000 ರೂಪಾಯಿವರೆಗೆ ದಂಡ ಹಾಕಬಹುದು.

ಅರ್ಜಿಯ ಒಂದು ಪ್ರತಿ, ಸ್ವೀಕೃತಿ ಇವನ್ನು ಸಂಘದ ಫೈಲಿನಲ್ಲಿ ಜೋಪಾನ ಮಾಡಿ.

ಪ್ರಶ್ನೆ ಕೇಳುವುದರಲ್ಲೂ ಜಾಣತನ ಬೇಕು. "ನಮ್ಮ ಕೇರಿಗೆ ಚರಂಡಿ ಯಾಕೆ ಮಾಡಿಲ್ಲ?" ಎಂದು ಬರೆದರೆ ಜಗಳದ ಉತ್ತರ ಬರುತ್ತದೆ. "ನಮ್ಮ ಕೇರಿಯ ಚರಂಡಿ ಕೆಲಸದ ಅಂದಾಜು ಪಟ್ಟಿ, ಅಳತೆ ಪುಸ್ತಕ, ಪಾವತಿಯಾದ ಬಿಲ್ಲು, ಇವುಗಳ ಪ್ರತಿ ಕೊಡಿ" ಎಂದು ಬರೆಯಿರಿ. ಕಾನೂನಿನಲ್ಲಿ ಸಿಗುವುದು ಕಚೇರಿಯಲ್ಲಿರುವ ದಾಖಲೆ. ದೇಶದ ಭದ್ರತೆ, ಇನ್ನೊಬ್ಬರ ಖಾಸಗಿ ವಿವರ ಮುಂತಾದವು ಸಿಗುವುದಿಲ್ಲ.

ಈ ಖಾಸಗಿ ವಿವರದ ಮಾತಿನಲ್ಲಿ ಈಗ ಎಚ್ಚರ ಬೇಕು. ಮೊದಲು ಸಾರ್ವಜನಿಕ ಕೆಲಸಕ್ಕೆ ಸಂಬಂಧಪಡದ ಖಾಸಗಿ ವಿವರಕ್ಕೆ ಮಾತ್ರ ತಡೆ ಇತ್ತು. 2023ರ ವೈಯಕ್ತಿಕ ದತ್ತಾಂಶ ಕಾನೂನು ಆ ಕಲಮನ್ನು ಬದಲಿಸಿತು, 2025ರ ನವೆಂಬರಿನಲ್ಲಿ ಅದು ಜಾರಿಗೆ ಬಂತು. ಈಗ 'ವೈಯಕ್ತಿಕ ಮಾಹಿತಿ' ಎಂದು ಹೇಳಿ ಫಲಾನುಭವಿಗಳ ಪಟ್ಟಿಯನ್ನೂ ನಿರಾಕರಿಸಬಹುದು ಎಂಬ ಆತಂಕ ಮಾಹಿತಿ ಹಕ್ಕಿಗಾಗಿ ದುಡಿದವರಲ್ಲಿದೆ. ಆದರೆ ಸಾರ್ವಜನಿಕ ಹಿತ ದೊಡ್ಡದಾಗಿದ್ದರೆ ಮಾಹಿತಿ ಕೊಡಬಹುದು ಎಂಬ 8(2)ನೇ ಕಲಮು ಉಳಿದಿದೆ. ಅದನ್ನು ಅರ್ಜಿಯಲ್ಲೇ ಬರೆಯಿರಿ.

ರೇಷನ್ ಅಂಗಡಿ, ಗ್ರಾಮಸಭೆ

ಎಲ್ಲದಕ್ಕೂ ಅರ್ಜಿ ಹಾಕಬೇಕಾಗಿಲ್ಲ. 2013ರ ಆಹಾರ ಭದ್ರತಾ ಕಾಯ್ದೆಯಂತೆ ಪಡಿತರ ವ್ಯವಸ್ಥೆಯ ದಾಖಲೆಗಳು ಸಾರ್ವಜನಿಕರ ಪರಿಶೀಲನೆಗೆ ತೆರೆದಿರಬೇಕು. ಅದೇ ಕಾಯ್ದೆಯಲ್ಲಿ ಮನೆಯ 18 ವರ್ಷ ದಾಟಿದ ಹಿರಿಯ ಹೆಂಗಸೇ ರೇಷನ್ ಕಾರ್ಡಿನ ಮಟ್ಟಿಗೆ ಮನೆಯ ಯಜಮಾನಿ. ಯಜಮಾನಿ ಕೇಳದೆ ಇನ್ಯಾರು ಕೇಳಬೇಕು?

ಗ್ರಾಮಸಭೆ ಆರು ತಿಂಗಳಿಗೊಮ್ಮೆಯಾದರೂ ನಡೆಯಬೇಕು. ನಮ್ಮಲ್ಲಿ ಎಷ್ಟೋ ಮಂದಿ ಹೋಗುತ್ತೇವೆ, ಸಹಿ ಮಾಡುತ್ತೇವೆ, ಹಿಂದಿನ ಸಾಲಿನಲ್ಲಿ ಕೂತು ಬರುತ್ತೇವೆ. ಮನೆ ಹಂಚಿಕೆಯ ಪಟ್ಟಿ ಓದುವ ಹೊತ್ತಿಗೆ ಎದ್ದಿರುತ್ತೇವೆ. ಆಮೇಲೆ ಸೋರುವ ಸೂರಿನ ವಿಧವೆಯ ಹೆಸರು ಬಿಟ್ಟುಹೋಯ್ತು ಎಂದು ಬಾವಿಕಟ್ಟೆಯಲ್ಲಿ ಕೊರಗುತ್ತೇವೆ. ಬಾವಿಕಟ್ಟೆಯ ಮಾತು ನಡಾವಳಿಗೆ ಹೋಗುವುದಿಲ್ಲ. ಸಭೆಯಲ್ಲೇ ಎದ್ದು ಹೇಳಿ, ನಡಾವಳಿಯಲ್ಲಿ ಬರೆಸಿ, ಓದಿಸಿ ಕೇಳಿ.

"ಕೇಳಿದರೆ ನಾಳೆ ನಮ್ಮ ಪಿಂಚಣಿ ನಿಲ್ಲಿಸಿಬಿಟ್ಟರೆ?" ಎಂಬ ಹೆದರಿಕೆ ಇದೆ. ಅದು ಸುಳ್ಳಲ್ಲ. ಲೆಕ್ಕ ಕೇಳಿದವರಿಗೆ ಈ ದೇಶದಲ್ಲಿ ಬೆದರಿಕೆ, ಹೊಡೆತ ಬಿದ್ದದ್ದೂ ಇದೆ. ಅದಕ್ಕೇ ಒಬ್ಬರೇ ಹೋಗಬೇಡಿ. ಒಂದೇ ಪ್ರಶ್ನೆಯನ್ನು ನಾಲ್ಕು ಸಂಘದ ನಾಲ್ಕು ಮಂದಿ ಬೇರೆ ಬೇರೆ ಅರ್ಜಿಯಲ್ಲಿ ಕೇಳಿ. ಆಗ ಯಾರೊಬ್ಬರ ಮೇಲೂ ಕಣ್ಣು ಬೀಳುವುದಿಲ್ಲ. ಬೆದರಿಕೆ ಬಂದರೆ ಅದನ್ನೂ ಬರೆದಿಟ್ಟು, ಒಕ್ಕೂಟಕ್ಕೆ ತಕ್ಷಣ ತಿಳಿಸಿ.

ಮಾತಿಗೂ ಒಂದು ಹೊಣೆ ಇದೆ. ಮೊಬೈಲಿನಲ್ಲಿ ಬಂದದ್ದನ್ನೆಲ್ಲ ಮುಂದಕ್ಕೆ ಕಳಿಸುವುದು, ನೋಡದೆ ಒಬ್ಬರ ಮೇಲೆ ಅಪವಾದ ಹೊರಿಸುವುದು ಸ್ವಾತಂತ್ರ್ಯ ಅಲ್ಲ. ಮೊದಲು ದಾಖಲೆ, ಆಮೇಲೆ ಮಾತು. ಹಾಗೆಯೇ ನಮ್ಮ ಸಂಘದೊಳಗೂ ಬಡ ಸದಸ್ಯೆ, ಬೇರೆ ಜಾತಿಯ ಸದಸ್ಯೆ, ಹೊಸ ಸೊಸೆ ಇವರ ಮಾತಿಗೆ ಜಾಗ ಕೊಡಬೇಕು. ನಾವೇ ಅವರ ಬಾಯಿ ಮುಚ್ಚಿಸಿ, ಪಂಚಾಯಿತಿಯಲ್ಲಿ ನಮ್ಮ ಮಾತು ಕೇಳಿ ಅನ್ನುವುದು ಸರಿಯಲ್ಲ.

ಈ ತಿಂಗಳು ಪ್ರತಿ ಸಂಘವೂ ಒಂದು ಕೆಲಸ ಮಾಡಲಿ. ಸಭೆಯಲ್ಲಿ ಚರ್ಚಿಸಿ, ಊರಿಗೆ ಬೇಕಾದ ಒಂದೇ ಒಂದು ಪ್ರಶ್ನೆ ಆರಿಸಿ. ನೀರು, ರೇಷನ್, ಅಂಗನವಾಡಿ, ಯಾವುದಾದರೂ ಸರಿ. ಒಬ್ಬರು ಬರೆಯಲಿ, ಇಬ್ಬರು ಜೊತೆಗೆ ಹೋಗಲಿ. ಬಂದ ಉತ್ತರವನ್ನು ಮುಂದಿನ ಸಭೆಯಲ್ಲಿ ಗಟ್ಟಿಯಾಗಿ ಓದಿ, ಓದು ಬಾರದವರಿಗೂ ಅರ್ಥವಾಗುವ ಹಾಗೆ. ಆ ಉತ್ತರ ಹಿಡಿದುಕೊಂಡೇ ಗ್ರಾಮಸಭೆಗೆ ಹೋಗೋಣ.

ದೇವರು ನಮ್ಮೆಲ್ಲರಿಗೂ ಸತ್ಯ ತಿಳಿಯುವ ಮನಸ್ಸು, ಅದನ್ನು ಹೇಳುವ ಧೈರ್ಯ ಕೊಡಲಿ.